ಸೂಜಿಯಕ್ಕ ಕೆಸರಿಗೆ ಟೈರು ಹುಡುಕಿದ್ದು

ಸೂಜಿಯಕ್ಕನಿಗೆ ಲ್ಯಾಬಿನವರು ಹೋದ ಮಳೆಗಾಲದ ಕೆಸರುಭತ್ಯೆ ಇನ್ನೂ ಕೊಟ್ಟಿಲ್ಲ. ಕೆಸರುಭತ್ಯೆ ಎಂಬ ಮಾತು ಯಾವ ಕಾನೂನಿನಲ್ಲೂ ಇಲ್ಲ, ಅವಳೇ ಹುಟ್ಟಿಸಿದ್ದು. ಪೆಟ್ರೋಲಿಗೆ ಭತ್ಯೆ ಇದೆ, ಊಟಕ್ಕಿದೆ, ಮೊಬೈಲಿಗೂ ಇದೆ, ನಾನು ಮೊಣಕಾಲವರೆಗೆ ಹೂತುಕೊಂಡು ಹೋಗುವ ಕೆಸರಿಗೆ ಯಾಕಿಲ್ಲ ಎಂದು ಮ್ಯಾನೇಜರನ ಮೇಜಿನ ಮುಂದೆ ನಿಂತು ಕೇಳಿದಳು. ಅವನು ನಕ್ಕು ಒಪ್ಪಿಕೊಂಡ. ನಕ್ಕು ಒಪ್ಪಿಕೊಂಡ ದುಡ್ಡು ಕೈಗೆ ಬಂದದ್ದನ್ನು ನೀವು ಎಲ್ಲಾದರೂ ಕಂಡಿದ್ದರೆ ಹೇಳಿ. ಆ ಬಾಕಿ ವಸೂಲು ಮಾಡುವುದು ಬೇರೆ ಜಗಳ. ಇಲ್ಲಿ ಹೇಳಹೊರಟಿರುವುದು ಅವಳು ಟೈರು ಹುಡುಕಿದ ಕತೆ.

ಅವಳ ಕೆಲಸ ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವುದು. ನಲವತ್ತು ದಾಟಿದ ಗಟ್ಟಿ ಹೆಂಗಸು. ಬಾಯಿ ಜೋರು, ಕೈ ಮೆತ್ತಗೆ. ಸೂಜಿ ಹಿಡಿದಾಗ ಎದುರಿಗಿದ್ದವರಿಗೆ ಏನಾದರೂ ಬೈದು ನಗಿಸುತ್ತಾಳೆ. ನಗು ಮುಗಿಯುವಷ್ಟರಲ್ಲಿ ರಕ್ತ ಕೊಳವೆಗೆ ಇಳಿದಿರುತ್ತದೆ. ಕಣ್ಣಿಗೆ ಕಾಣುವ ನರವನ್ನು ಅವಳು ನಂಬುವುದಿಲ್ಲ. ಮೊಣಕೈ ಒಳಮಡಿಕೆಯಲ್ಲಿ ತೋರುಬೆರಳಿಟ್ಟು ಒತ್ತುತ್ತಾಳೆ. ಒಳಗಿನಿಂದ ಏನೋ ಬೆರಳನ್ನು ವಾಪಸ್ಸು ತಳ್ಳಬೇಕು. ತಳ್ಳಿದರೆ ಅದು ಒಳ್ಳೆಯ ನರ. "ಪುಟೀತಾ ಇದೆ ನೋಡಿ" ಎನ್ನುತ್ತಾಳೆ. ಆ ಬೆರಳಿನ ಮೇಲೆ ಅವಳಿಗೆ ಎಷ್ಟು ನಂಬಿಕೆ ಎಂದರೆ ಅಂಗಡಿಯಲ್ಲಿ ಟೊಮೆಟೊವನ್ನೂ ಹಾಗೆಯೇ ಒತ್ತಿ ನೋಡಿ ಬೈಸಿಕೊಳ್ಳುತ್ತಾಳೆ.

ಪ್ರತಿ ಗುರುವಾರ ಅವಳ ಸುತ್ತು ಆಚೆ ಸಾಲಿಗೆ. ಹಳೆಯ ಇಟ್ಟಿಗೆ ಭಟ್ಟಿಯ ಹಿಂದೆ, ಪಟ್ಟಣದ ನಡುವಿನಿಂದ ಎಬ್ಬಿಸಿದ ಜನರನ್ನು ತಂದು ಕೂರಿಸಿದ ಮನೆಗಳ ಸಾಲು ಅದು. ಮನೆ ಕೊಟ್ಟರು, ನಲ್ಲಿ ಕೊಟ್ಟರು, ರಸ್ತೆ ಆಮೇಲೆ ಎಂದರು. ಆಮೇಲೆ ಬಂದದ್ದು ಪೈಪು ಹೂಳುವವರು. ಇದ್ದ ದಾರಿಯನ್ನೂ ಅಗೆದು, ಮಣ್ಣನ್ನು ನಡುವಿಗೆ ಎಳೆದು ಹಾಗೇ ಬಿಟ್ಟು ಹೋದರು. ಇಟ್ಟಿಗೆ ಮಾಡುವವರು ಹುಡುಕಿಕೊಂಡು ಬಂದಿದ್ದ ಜೇಡಿಮಣ್ಣು ಅದು. ಎಂಥದ್ದಿರಬೇಕು, ನೀವೇ ಊಹಿಸಿ. ಮಳೆ ಬಿದ್ದರೆ ಭಟ್ಟಿಯಿಂದ ಮೋರಿಯವರೆಗೆ ಗಂಜಿಯ ಹಾಗೆ ತೆಳ್ಳಗೆ ಹರಿಯುತ್ತದೆ. ಮೋರಿ ದಾಟಿದರೆ ಕಲಸಿಟ್ಟ ಹಿಟ್ಟು. ಕಾಲಿಟ್ಟರೆ ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ.

ಆಟೋದವರು ಭಟ್ಟಿಯ ಬಳಿಯೇ ಇಳಿಸಿ ತಿರುಗಿಸಿಕೊಂಡು ಹೋಗುತ್ತಾರೆ. ಸೂಜಿಯಕ್ಕನ ಸ್ಕೂಟರು ಮೊದಲ ಮಳೆಗೇ ಮಗುಚಿ ಬಿತ್ತು. ಮಾಮೂಲಿ ಸೈಕಲ್ಲು ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯಿತು. ಆಗ ಸಿಕ್ಕಿದ್ದು ದಪ್ಪ ಚಕ್ರದ ಸೈಕಲ್ಲು. ಹೊಟ್ಟೆ ಕರಗಿಸುತ್ತೇನೆಂದು ಬಟ್ಟೆ ಅಂಗಡಿಯವನೊಬ್ಬ ಕೊಂಡು, ಹೊಟ್ಟೆಯನ್ನು ಇಟ್ಟುಕೊಂಡು ಸೈಕಲ್ಲನ್ನು ಮಾರಿದ್ದ. ಚಕ್ರದ ದಪ್ಪ ನೋಡಿ ಸೂಜಿಯಕ್ಕನ ಗಂಡ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟ. ಅವನು ಇಸ್ತ್ರಿ ಅಂಗಡಿಯವನು, ಯಾವುದನ್ನೂ ಸುಕ್ಕಿಲ್ಲದೆ ನೋಡುವ ಮನುಷ್ಯ. "ಎಮ್ಮೆಗೆ ಕೆಸರು ಅಂದ್ರೆ ತವರು ಮನೆ ಕಣೇ, ತಾನೇ ಓಡುತ್ತೆ" ಎಂದ.

ಓಡಲಿಲ್ಲ. ಅದರಲ್ಲಿದ್ದದ್ದು ಮರಳಿನ ಮೇಲೆ ಓಡಿಸುವ ಟೈರು. ಮೇಲ್ಮೈ ಹೆಚ್ಚುಕಡಿಮೆ ನುಣ್ಣಗೆ, ಅಲ್ಲಲ್ಲಿ ಗೀರು ಎಳೆದ ಹಾಗೆ ಗುರುತು. ಗಂಜಿಯಂಥ ಕೆಸರಿನಲ್ಲಿ ಹೇಗೋ ತೇಲಿಕೊಂಡು ಹೋಯಿತು. ಮೋರಿ ದಾಟಿದ್ದೇ ತಡ, ಗೀರುಗಳೆಲ್ಲ ಮುಚ್ಚಿ ಚಕ್ರ ಸಾಬೂನಿನ ಉಂಡೆಯಾಯಿತು. ಸೂಜಿಯಕ್ಕ ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ಅವಳಿಗೆ ಏನೂ ಆಗಲಿಲ್ಲ, ಪೆಟ್ಟಿಗೆಯೊಳಗಿನ ರಕ್ತಕ್ಕೆ ಆಯಿತು.

ತೆಗೆದ ರಕ್ತವನ್ನು ಕುಲುಕಬಾರದು. ಜೋರಾಗಿ ಕುಲುಕಿದರೆ ಅದರೊಳಗಿನ ಕೆಂಪು ಕಣಗಳು ಒಡೆದುಹೋಗುತ್ತವೆ. ಲ್ಯಾಬಿನಲ್ಲಿ ಮೆಷಿನಿಗೆ ಹಾಕಿ ತಿರುಗಿಸಿದಾಗ ಮೇಲೆ ನಿಲ್ಲುವ ನೀರು ಒಣಹುಲ್ಲಿನ ಬಣ್ಣಕ್ಕಿರಬೇಕು. ಒಡೆದಿದ್ದರೆ ಕೆಂಪು ಶಾಯಿ ಲೇಖನಿ ತೊಳೆದ ನೀರಿನ ಹಾಗೆ ಕಾಣುತ್ತದೆ. ಆಮೇಲೆ ಅದು ಯಾವ ಲೆಕ್ಕಕ್ಕೂ ಇಲ್ಲ, ಚೆಲ್ಲಬೇಕು. ಮತ್ತೆ ಹೋಗಿ ಚುಚ್ಚಬೇಕು.

ಆ ಗುರುವಾರ ಮೆಷಿನ್ ನೋಡಿಕೊಳ್ಳುವ ಮೇಡಂ ಕೊಳವೆಗಳನ್ನು ಬೆಳಕಿಗೆ ಹಿಡಿದರು. ಒಳ್ಳೆಯ ಹೆಂಗಸು, ಯಾರನ್ನಾದರೂ ಬೈದರೆ ತಾನೇ ಅಳುವ ಜಾತಿ.

"ಅಕ್ಕಾ, ಎಲ್ಲಾ ಒಡೆದಿದೆ."

"ಬಿದ್ದೆ ಮೇಡಂ."

"ನಿಮಗೇನಾಯ್ತು?"

"ನಂಗೇನಾಗುತ್ತೆ, ನಾನು ಕೊಳವೇನಾ ಒಡೆಯೋಕೆ?"

ಮೇಡಂ ನಗಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮ್ಯಾನೇಜರ್ ಮಾತಾಡ್ಕೊಳ್ತಿದ್ರು. ಆಚೆ ಸಾಲಿನ ಸುತ್ತು ನಿಲ್ಲಿಸಿಬಿಡೋಣ, ಬೇಕಾದೋರು ಇಲ್ಲಿಗೇ ಬರ್ಲಿ ಅಂತ. ನೀವು ಏನಾದ್ರೂ ಮಾಡಿ ಅಕ್ಕಾ."

ಬೇಕಾದವರು ಇಲ್ಲಿಗೇ ಬರಲಿ ಎನ್ನುವುದು ಸುಲಭ. ಹೆಚ್ಚಿನವರು ಹೇಗೋ ಬಂದಾರು. ಗಡಿಯಾರದಮ್ಮ ಬರಲಾರಳು.

ಗಡಿಯಾರದಮ್ಮ ಆಚೆ ಸಾಲಿನ ಕೊನೆಯ ಮನೆಯ ದರ್ಜಿ. ಆಯಸ್ಸಿಡೀ ಅಂಗಿಗಳಿಗೆ ಕಾಲರ್ ಕೂರಿಸಿದವಳು. ಅವಳ ಹೃದಯದ ಒಂದು ಕವಾಟ ಕೆಟ್ಟು, ಲೋಹದ ಕವಾಟ ಹಾಕಿದ್ದಾರೆ. ಹೊಲಿಗೆ ಮೆಷಿನ್ ನಿಲ್ಲಿಸಿ ಅವಳು ಸುಮ್ಮನೆ ಕೂತರೆ ಎದೆಯೊಳಗಿನಿಂದ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಅದಕ್ಕೇ ಆ ಹೆಸರು. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ ನುಂಗಬೇಕು. ಮಾತ್ರೆ ಹೆಚ್ಚಾದರೆ ಒಳಗೊಳಗೇ ರಕ್ತ ಸೋರುತ್ತದೆ, ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ. ಎಷ್ಟು ನುಂಗಬೇಕೆಂದು ಹೇಳುವುದು ಗುರುವಾರದ ರಕ್ತ. ಕೆಸರಿನಲ್ಲಿ ನಡೆದರೆ ಅವಳಿಗೆ ಉಸಿರು ಸಿಗುವುದಿಲ್ಲ. ಜಾರಿ ಬಿದ್ದರಂತೂ ಆ ಮಾತ್ರೆ ನುಂಗುವ ಮೈಗೆ ಸಣ್ಣ ಪೆಟ್ಟೂ ದೊಡ್ಡದೇ. ಆ ಸುತ್ತು ನಿಂತರೆ ಗಡಿಯಾರದಮ್ಮ ಕಣ್ಣುಮುಚ್ಚಿಕೊಂಡು ಮಾತ್ರೆ ನುಂಗಬೇಕಾಗುತ್ತದೆ, ಅಷ್ಟೇ.

ಹೀಗಾಗಿ ಸೂಜಿಯಕ್ಕ ಗಂಡನನ್ನು ಕರೆದುಕೊಂಡು ಸೈಕಲ್ ಅಂಗಡಿಗೆ ಹೋದಳು. ಅಂಗಡಿಯವನು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು.

"ಕೆಸರಿಗೆ ಟೈರು ಬೇಕು" ಎಂದಳು.

"ಎಂಥ ಕೆಸರಕ್ಕ?"

"ಕೆಸರಲ್ಲೂ ವೆರೈಟಿ ಇದೆಯಾ?"

"ಇಲ್ದೆ ಏನು! ನೀರಿನ ಹಾಗೆ ಹರಿಯೋದು ಬೇರೆ, ಹಿಟ್ಟಿನ ಹಾಗೆ ಅಂಟೋದು ಬೇರೆ."

"ನಮ್ಮ ದಾರೀಲಿ ಎರಡೂ ಇದೆ. ಮೂರನೇದೂ ಇರಬಹುದು, ನಾನು ಅಷ್ಟು ಆಳಕ್ಕೆ ಹೋಗಿಲ್ಲ."

ಅವನು ಎರಡು ಮೂರು ಟೈರು ಇಳಿಸಿ ನೆಲದ ಮೇಲೆ ಸಾಲಾಗಿ ಹಾಕಿದ. ಒಂದಂತೂ ತೊಟ್ಟಿಲ ಮಗುವನ್ನು ಒಳಗೆ ಮಲಗಿಸಬಹುದಾದಷ್ಟು ಅಗಲ. ಮೈತುಂಬ ಒತ್ತೊತ್ತಾಗಿ ರಬ್ಬರಿನ ಗುಬುಟುಗಳು. ಅಂಗಡಿಯವರು ಅವನ್ನು ಬಟನ್ ಎನ್ನುತ್ತಾರೆ. ಗಂಡನ ಕಣ್ಣು ಅಲ್ಲೇ ನಿಂತಿತು.

"ಇದೇ ಇರ್ಲಿ ಕಣೇ. ಕೊಡೋದು ಕೊಡ್ತೀವಿ, ದಪ್ಪದ್ದೇ ತಗೊ."

"ದಪ್ಪ ಇದ್ರೆ ಮುಳುಗಲ್ಲ ಅಲ್ವಾ?" ಎಂದು ಅವಳು ಅಂಗಡಿಯವನನ್ನು ಕೇಳಿದಳು.

"ಮುಳುಗೋದು ಕಮ್ಮಿ. ಆದ್ರೆ ನಿಮ್ಮ ಫ್ರೇಮಿಗೆ ಇದು ಹಿಡಿಸಿದ್ರೆ ಪಕ್ಕದಲ್ಲಿ ಬೆರಳು ತೂರೋಷ್ಟು ಸಂದೀನೂ ಉಳಿಯಲ್ಲ."

"ಬೆರಳು ಯಾಕ್ರೀ ತೂರ್ಸೋಣ ಅಲ್ಲಿ?" ಎಂದ ಗಂಡ. ಇಬ್ಬರೂ ನಕ್ಕರು. ಅಂಗಡಿಯವನೂ ಸ್ಕ್ರೂ ಬೀಳದ ಹಾಗೆ ನಕ್ಕ. ಹೇಳಬೇಕಾದದ್ದನ್ನು ಅವನು ಹೇಳಿದ್ದ, ಕೇಳಬೇಕಾದವರು ಕೇಳಲಿಲ್ಲ.

ಮುಂದಿನ ಗುರುವಾರ ಎಮ್ಮೆ ಗಂಜಿ ಕೆಸರಿನ ಮೇಲೆ ದೋಣಿಯ ಹಾಗೆ ಹೋಯಿತು. ಸೂಜಿಯಕ್ಕನಿಗೆ ಹಾಡು ಬರುವುದೊಂದು ಬಾಕಿ. ಹೋಗುವಾಗ ಹೇಗೋ ದಾಟಲು ಬಿಟ್ಟಿದ್ದ ಹಿಟ್ಟಿನ ಕೆಸರು, ಮನೆಗಳನ್ನೆಲ್ಲ ಮುಗಿಸಿ ವಾಪಸ್ಸು ಬರುವಾಗ ತನ್ನ ಬುದ್ಧಿ ತೋರಿಸಿತು. ಒತ್ತೊತ್ತಾಗಿದ್ದ ಬಟನ್‌ಗಳ ನಡುವೆ ಜೇಡಿ ಹೊಕ್ಕು ಕೂತಿತು. ಕೂತದ್ದು ಉದುರಲಿಲ್ಲ, ಅದರ ಮೇಲೆ ಇನ್ನಷ್ಟು ಅಂಟಿತು. ಟೈರಿಗೂ ಫ್ರೇಮಿಗೂ ನಡುವೆ ಇದ್ದ ಎಳೆಯಷ್ಟು ಸಂದಿ ತುಂಬಿ, ಹಿಂದಿನ ಚಕ್ರ ಸಿಮೆಂಟು ಹಾಕಿದ ಹಾಗೆ ನಿಂತುಬಿಟ್ಟಿತು. ಬುತ್ತಿ ಡಬ್ಬಿಯ ಚಮಚದಿಂದ ಕೆರೆದಳು. ಕೆರೆದು ಉರುಳಿಸಿದರೆ ಮತ್ತೆ ಅದೇ. ಮಳೆ ಬೇರೆ ಹಿಡಿಯಿತು. ಕೊನೆಗೆ ಸೈಕಲ್ಲಿನ ನಡುವೆ ಹೆಗಲು ತೂರಿಸಿ ಎತ್ತಿಕೊಂಡಳು. ಎಮ್ಮೆಯ ಮೇಲೆ ಸವಾರಿ ಮಾಡಬೇಕಾದವಳ ಮೇಲೆ ಎಮ್ಮೆ ಸವಾರಿ ಮಾಡಿತು.

ತಮಾಷೆ ಏನೆಂದರೆ ಅವತ್ತು ಒಂದು ಕೊಳವೆಯ ರಕ್ತವೂ ಒಡೆದಿರಲಿಲ್ಲ. ಹೊತ್ತು ತಂದಿದ್ದಳಲ್ಲ! ಆದರೆ ಪಟ್ಟಣದೊಳಗಿನ ಅರ್ಧ ಮನೆಗಳು ಬಿಟ್ಟುಹೋದವು. ಉಪವಾಸ ಕೂತು ಕಾದವರು ಲ್ಯಾಬಿಗೆ ಫೋನ್ ಮಾಡಿ ಉಗಿದರು. ಮ್ಯಾನೇಜರನ ಮುಖ ಗಂಟಾಯಿತು.

ಸೈಕಲ್ ತೊಳೆಯದೆ ಹಾಗೇ ಅಂಗಡಿಯೊಳಗೆ ತಳ್ಳಿಕೊಂಡು ಹೋದಳು. ಒರೆಸಿದ ನೆಲದ ಮೇಲೆ ಜೇಡಿಯ ಮುದ್ದೆಗಳು ಒಂದೊಂದಾಗಿ ಬಿದ್ದವು.

"ನಾನು ಹೇಳಿದ್ನಲ್ಲ ಅಕ್ಕಾ."

"ಹೇಳಿದ್ರಿ. ಜೋರಾಗಿ ಹೇಳ್ಬೇಕಿತ್ತು."

ಅವನು ಬಾಯಿಂದ ಸ್ಕ್ರೂ ತೆಗೆದ. ಕುಕ್ಕರುಗಾಲಲ್ಲಿ ಕೂತು ಜೇಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಮಾತು ಈ ಸಲ ನಿಧಾನವಾಗಿ, ಜೋರಾಗಿಯೇ ಬಂತು. "ಕೇಳಿ. ಈ ಮಣ್ಣು ಅಂಟೋದು ನಿಲ್ಸೋಕೆ ಆಗಲ್ಲ. ಅಂಟಿದ್ದು ಉದುರಬೇಕು. ಉದುರಬೇಕಾದ್ರೆ ಬಟನ್ ಎತ್ತರ ಇರ್ಬೇಕು, ಒಂದಕ್ಕೊಂದು ದೂರ ಇರ್ಬೇಕು. ಚಕ್ರ ತಿರುಗಿದ ಹಾಗೆ ತಾನೇ ಕೊಡವ್ಕೊಳ್ಳುತ್ತೆ. ಹಿಂದಿನ ಚಕ್ರಕ್ಕೆ ಸ್ವಲ್ಪ ಸಣ್ಣ ಟೈರೇ ಹಾಕೋಣ, ಫ್ರೇಮಿಗೆ ತಾಗದ ಹಾಗೆ. ನಿಮ್ಮ ಕೆಸರಿಗೆ ಕೆಳಗೆ ಗಟ್ಟಿ ನೆಲ ಇದೆಯಾ?"

"ಇದೆ. ಬಿದ್ದಾಗ ಸೊಂಟಕ್ಕೆ ಗೊತ್ತಾಗುತ್ತೆ."

"ಹಾಗಾದ್ರೆ ತೇಲೋದಕ್ಕಿಂತ ಕಚ್ಚೋದೇ ವಾಸಿ. ಮುಂದಿನದು ದಾರಿ ಹಿಡಿಯೋ ಚಕ್ರ, ಅದು ಅಡ್ಡಡ್ಡ ಜಾರಬಾರದು. ಅದಕ್ಕೆ ಒಂಚೂರು ಅಗಲದ್ದು, ಅಂಚಲ್ಲೂ ಬಟನ್ ಇರೋದು."

ಹೊರಡುವಾಗ ಅವಳು ಕೇಳಿದಳು, "ಗಾಳಿ ಎಷ್ಟು ಹಾಕ್ಲಿ?"

"ಜಾಸ್ತಿ ಬೇಡ. ಒತ್ತಿ ನೋಡಿದ್ರೆ ಗೊತ್ತಾಗುತ್ತೆ."

ಬೇರೆ ಯಾರಿಗಾದರೂ ಈ ಮಾತು ಹೇಳಿದ್ದರೆ ತೊಂದರೆ ಇರಲಿಲ್ಲ. ಅವನು ಹೇಳಿದ್ದು ಒತ್ತಿ ನೋಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ. ಮನೆಯ ಅಂಗಳದಲ್ಲಿ ಗಂಡ ಪಂಪು ಹೊಡೆದ, ಇವಳು ತೋರುಬೆರಳಿಟ್ಟು ಟೈರನ್ನು ಒತ್ತಿದಳು. ಬೆರಳು ಒಳಗೆ ಹೋಯಿತು. "ಸಾಲದು." ಮತ್ತೆ ಹೊಡೆದ. "ಇನ್ನೂ." ಇಸ್ತ್ರಿ ಪೆಟ್ಟಿಗೆ ತಳ್ಳಿ ಗಟ್ಟಿಯಾದ ತೋಳು ಅವನದು, ಅದೂ ದಣಿಯಿತು. ಕೊನೆಗೆ ಟೈರು ಒಳಗಿನಿಂದ ಬೆರಳನ್ನು ವಾಪಸ್ಸು ತಳ್ಳಿತು.

"ಹಾಂ, ಪುಟೀತಾ ಇದೆ!" ಎಂದಳು ಖುಷಿಯಿಂದ. "ಒಳ್ಳೇ ನರ."

ಆ ಒಳ್ಳೆಯ ನರದ ಮೇಲೆ ಕೂತು ಆಚೆ ಸಾಲಿಗೆ ಹೋದವಳು ಒಂದು ಸಲವೂ ಹೂತುಕೊಳ್ಳಲಿಲ್ಲ. ಬಟನ್‌ಗಳು ಕಚ್ಚಿದವು, ಕೊಡವಿಕೊಂಡವು, ಜೇಡಿಯ ಉಂಡೆಗಳು ಹಿಂದಕ್ಕೆ ಹಾರಿ ಅವಳ ಬೆನ್ನಿಗೇ ಬಡಿದವು. ಹೊತ್ತಿಗೆ ಸರಿಯಾಗಿ ಲ್ಯಾಬು ಸೇರಿದಳು. ಪೆಟ್ಟಿಗೆಯನ್ನು ಮೇಡಂ ಮುಂದೆ ಇಟ್ಟು, ಗೆದ್ದವಳ ಹಾಗೆ ಒಂದು ಲೋಟ ನೀರು ಕೇಳಿದಳು. ನೀರು ಕುಡಿದು ಮುಗಿಸುವಾಗ ಮೆಷಿನ್ ನಿಂತಿತು. ಮೇಡಂ ಕೊಳವೆಗಳನ್ನು ಎತ್ತಿ ಹಿಡಿದರು. ಶಾಯಿ ತೊಳೆದ ನೀರು.

"ಬಿದ್ದಿಲ್ಲ ಮೇಡಂ! ಆಣೆ ಮಾಡ್ತೀನಿ, ಒಂದ್ಸಲಾನೂ ಬಿದ್ದಿಲ್ಲ."

"ಬೀಳ್ದೇ ಇದ್ರೂ ಕುಲುಕಿದೆ ಅಕ್ಕಾ. ನೋಡಿ." ಮೇಡಂ ಕಣ್ಣಲ್ಲಿ ಆಗಲೇ ನೀರು. "ಮ್ಯಾನೇಜರ್‌ಗೆ ತಿಳೀದೇ ಇರಲ್ಲ. ಬರೋ ಗುರುವಾರದ್ದೂ ಹೀಗೇ ಆದ್ರೆ ಸುತ್ತು ಬಂದ್ ಅಂತ ಬಾಯಿಬಿಟ್ಟು ಹೇಳಿದಾರೆ."

ಅವತ್ತು ಸೂಜಿಯಕ್ಕ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಅಕ್ಕಪಕ್ಕದವರು ಬಂದು ವಿಚಾರಿಸುತ್ತಾರೆ, ಅಂಥ ಬಾಯಿ. ಗಂಡ ಟೈರಿನ ಸುತ್ತ ಎರಡು ಸುತ್ತು ಹಾಕಿ, "ಟೈರೇನೋ ಸರಿಯಾಗೇ ಇದೆ. ಪೆಟ್ಟಿಗೆ ಕೆಳಗೆ ದಿಂಬು ಇಡೋಣ್ವಾ?" ಎಂದ. ಬೈಯಲಿಲ್ಲ ಅವಳು. ಬೈಯದೆ ಇದ್ದದ್ದಕ್ಕೆ ಅವನಿಗೆ ಹೆದರಿಕೆಯಾಗಿ ನಿಜವಾಗಿಯೂ ಒಂದು ದಿಂಬು ಹೊಲಿಸಿ ತಂದ.

ಗುರುವಾರ ಬಂತು. ದಿಂಬು ಕಟ್ಟಿಕೊಂಡೇ ಹೊರಟಳು. ಹೋಗುವ ದಾರಿಯಲ್ಲಿ ಮೊದಲ ಸಲ ಸೈಕಲ್ಲಿನ ಮೇಲೆ ಮನಸ್ಸಿಟ್ಟಳು. ಒಣಗಿ ಗಟ್ಟಿಯಾದ ಗಾಡಿಜಾಡುಗಳ ಅಂಚು, ಕೆಸರಿನಡಿಯ ಇಟ್ಟಿಗೆ ಚೂರುಗಳು, ಎಲ್ಲವೂ ಹ್ಯಾಂಡಲ್ಲಿನಿಂದ ನೇರ ಹಲ್ಲಿನವರೆಗೆ ಬರುತ್ತಿದ್ದವು. ಡಾಂಬರಿನ ಮೇಲಂತೂ ಎತ್ತರದ ಬಟನ್‌ಗಳು ಗರ್ರ್ ಎಂದು ಇಡೀ ಮೈಯನ್ನು ನಡುಗಿಸುತ್ತಿದ್ದವು. ಕೆಸರಿಗೆ ಒಳ್ಳೆಯದಾದದ್ದು ರಕ್ತಕ್ಕೆ ಕೆಟ್ಟದ್ದು ಎಂದುಕೊಂಡಳು. ಎರಡಕ್ಕೂ ಒಗ್ಗುವ ಟೈರು ಈ ಲೋಕದಲ್ಲಿಲ್ಲ, ಮುಗಿಯಿತು ಕತೆ ಎಂದುಕೊಂಡು ಗಡಿಯಾರದಮ್ಮನ ಬಾಗಿಲಲ್ಲಿ ಸೈಕಲ್ ನಿಲ್ಲಿಸಿದಳು.

ಹೊಲಿಗೆ ಮೆಷಿನ್ ನಿಂತಿತು, ಟಿಕ್ ಟಿಕ್ ಶುರುವಾಯಿತು. ಒಂದೇ ಕೋಣೆ. ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಅಂಗಿಗಳು, ಕಿಟಕಿ ಬಳಿ ನೂಲಿನ ಉಂಡೆಗಳ ಡಬ್ಬಿ, ನೆಲದ ತುಂಬ ಬಟ್ಟೆಚೂರು. ಗಡಿಯಾರದಮ್ಮ ತೋಳು ಚಾಚಿದಳು.

"ಏನಮ್ಮಾ, ಇವತ್ತು ಬೈತಾ ಇಲ್ಲ? ನನಗೇನಾದ್ರೂ ಕೆಟ್ಟ ರಿಪೋರ್ಟಾ?"

"ನಿಮ್ಮ ರಿಪೋರ್ಟೇ ಇಲ್ಲ ಅಮ್ಮಾ. ಹೋದ್ವಾರದ್ದು ಒಡೀತು." ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇವತ್ತಿನದೂ ಒಡೆದರೆ ಇನ್ನು ಬರುವುದಿಲ್ಲ ಎಂಬುದನ್ನೂ ಹೇಳಿದಳು. ಹೇಳುತ್ತಲೇ ರಬ್ಬರ್ ಪಟ್ಟಿ ಬಿಗಿದು ಬೆರಳಿಟ್ಟು ಒತ್ತಿದಳು. ವರ್ಷಗಟ್ಟಲೆ ಚುಚ್ಚಿಸಿಕೊಂಡ ತೋಳು ಅದು. ಪುಟಿಯುವ ನರ ಅಲ್ಲಿ ಒಂದೂ ಉಳಿದಿಲ್ಲ. ಒಂದೇ ಒಂದು ಮೆತ್ತನೆಯ ನರ ಇದೆ. ಒತ್ತಿದರೆ ತಗ್ಗಿ ಕೂರುತ್ತದೆ, ಬಿಟ್ಟರೆ ಅವಸರವಿಲ್ಲದೆ ಏಳುತ್ತದೆ. ಆ ನರದಲ್ಲಿ ಸೂಜಿ ಯಾವತ್ತೂ ತಪ್ಪಿದ್ದಿಲ್ಲ. ಗಟ್ಟಿ ನರ ಸೂಜಿಯ ಮೊನೆಗೆ ಪಕ್ಕಕ್ಕೆ ಜಾರುತ್ತದೆ, ಇದು ಜಾರುವುದಿಲ್ಲ. ಇದ್ದಲ್ಲೇ ಸೂಜಿಗೆ ಜಾಗ ಬಿಡುತ್ತದೆ.

ರಕ್ತ ನೀಲಿ ಮುಚ್ಚಳದ ಕೊಳವೆಗೆ ಇಳಿಯುತ್ತಿತ್ತು. ಸೂಜಿಯಕ್ಕ ಬಾಗಿಲಾಚೆ ನಿಂತ ಎಮ್ಮೆಯನ್ನು ನೋಡಿದಳು. ಮತ್ತೆ ತೋಳನ್ನು ನೋಡಿದಳು.

"ಅಯ್ಯೋ ನನ್ನ ಮುಖಕ್ಕೆ!" ಎಂದಳು.

"ತಪ್ಪಿತಾ?"

"ಇದಲ್ಲಮ್ಮಾ. ಅದು!"

ಹತ್ತಿ ಒತ್ತಿ, ಪಟ್ಟಿ ಬಿಚ್ಚಿ, ಕೊಳವೆಯನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಓಡಿದಳು. ಚಕ್ರದ ಮುಂದೆ ಕೂತು ಗಾಳಿಯ ಮುಚ್ಚಳ ತೆಗೆದು ಉಗುರಿನಿಂದ ಒತ್ತಿದಳು. ಟೈರು ಉಸ್ಸೆಂದಿತು. ಬೆರಳಿಟ್ಟು ನೋಡಿದಳು, ಇನ್ನೂ ಪುಟಿಯುತ್ತಿತ್ತು. ಮತ್ತೆ ಬಿಟ್ಟಳು. ಗಡಿಯಾರದಮ್ಮ ಹೊಸ್ತಿಲ ಮೇಲೆ ಬಂದು ನಿಂತು, ಹತ್ತಿಯ ಮೇಲೆ ಬೆರಳಿಟ್ಟುಕೊಂಡೇ ನೋಡಿದಳು.

"ಅದಕ್ಕೂ ರಕ್ತ ತೆಗೀತಿದೀಯಾ?"

"ಕೈ ಕೊಡಿ ಇಲ್ಲಿ" ಎಂದು ಅವಳ ತೋಳನ್ನು ಒಮ್ಮೆ, ಟೈರನ್ನು ಒಮ್ಮೆ ಒತ್ತಿ ನೋಡಿದಳು. ತಗ್ಗಿ ಕೂರಬೇಕು, ನಿಧಾನ ಏಳಬೇಕು. ಆದರೆ ಕೂತು ಚಕ್ರದ ಕಬ್ಬಿಣ ನೆಲಕ್ಕೆ ಬಡಿಯಬಾರದು. ಅಷ್ಟಕ್ಕೆ ನಿಲ್ಲಿಸಿ ಇನ್ನೊಂದು ಚಕ್ರಕ್ಕೂ ಹಾಗೇ ಮಾಡಿದಳು. ಪೆಟ್ಟಿಗೆಯನ್ನು ಕ್ಯಾರಿಯರಿನಿಂದ ಬಿಚ್ಚಿ ಬೆನ್ನಿಗೆ ಕಟ್ಟಿಕೊಂಡಳು. ದಿಂಬನ್ನು ಗಡಿಯಾರದಮ್ಮನ ಮಡಿಲಿಗೆ ಎಸೆದಳು. "ಇಟ್ಕೊಳ್ಳಿ, ನಮ್ಮೆಜಮಾನ್ರು ಕಳಿಸಿದ್ದು."

ಮೆತ್ತಗಾದ ಟೈರು ಕೆಸರಿನ ಮೇಲೆ ಅಂಗೈ ಊರಿದ ಹಾಗೆ ಹರಡಿಕೊಂಡಿತು. ಇಟ್ಟಿಗೆ ಚೂರು ಬಂದರೆ ಅದನ್ನು ತನ್ನೊಳಕ್ಕೆ ಒತ್ತಿಕೊಂಡು ದಾಟಿತು. ಮೋರಿಯ ಹತ್ತಿರದ ಹಿಟ್ಟಿನಲ್ಲಿ ಬಟನ್‌ಗಳು ಒಂದೊಂದಾಗಿ ಬೆರಳು ಮಡಚಿದ ಹಾಗೆ ಹಿಡಿದವು. ತುಳಿಯುವುದು ಮಾತ್ರ ಭಾರ. ತೊಡೆ ಉರಿಯಿತು, ಉಸಿರು ನೆತ್ತಿಗೇರಿತು, ಡಾಂಬರಿನ ಮೇಲೆ ನಡೆದು ಹೋಗುವವರೂ ಅವಳನ್ನು ಹಿಂದೆ ಹಾಕಿದರು. ಇರಲಿ ಎಂದುಕೊಂಡು ತುಳಿದಳು.

ಮೇಡಂ ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೇಲಿನ ನೀರು ಒಣಹುಲ್ಲಿನ ಬಣ್ಣ, ಒಂದಲ್ಲ, ಎಲ್ಲವೂ. ಮೇಡಂ ಈ ಸಲವೂ ಅತ್ತರು. "ಅಳೋಕೆ ಒಂದು ನೆಪ ಬೇಕು ನಿಮಗೆ" ಎಂದು ಸೂಜಿಯಕ್ಕ ಬೈದಳು. ಬೈಗುಳ ವಾಪಸ್ಸು ಬಂದದ್ದಕ್ಕೆ ಇಡೀ ಲ್ಯಾಬಿಗೆ ಸಮಾಧಾನವಾಯಿತು. ಗಡಿಯಾರದಮ್ಮನ ರಿಪೋರ್ಟು ನೋಡಿ ಡಾಕ್ಟರು ಅವತ್ತೇ ಫೋನ್ ಮಾಡಿಸಿ ಮಾತ್ರೆ ಇಳಿಸಿದರು. ರಕ್ತ ಆಗಲೇ ಅಳತೆ ಮೀರಿ ತೆಳ್ಳಗಾಗಿತ್ತು. ಇನ್ನೊಂದು ವಾರ ಹಾಗೇ ನುಂಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಸುತ್ತು ಉಳಿಯಿತು.

ಇಲ್ಲಿಗೆ ಮುಗಿಸಿದ್ದರೆ ಚೆಂದದ ಕತೆ. ಕೇಳಿದವರೆಲ್ಲ ಹಾಗೇ ಮುಗಿಸಿ, ಭಲೇ ಹೆಂಗಸು ಎಂದು ಎದ್ದು ಹೋದರು.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ರಸ್ತೆ ಕಚೇರಿಯ ಎಂಜಿನಿಯರು ಬಂದ. ಆಚೆ ಸಾಲಿನವರು ಕೊಟ್ಟು ಕೊಟ್ಟು ಸವೆದ ಅರ್ಜಿಗೆ ಕೊನೆಗೂ ಬಂದ ಉತ್ತರ ಅವನು. ಜೀಪು ಭಟ್ಟಿಯ ಬಳಿ ನಿಂತಿತು. ಬೂಟು ಕೆಸರಿಗೆ ಇಳಿಯಲಿಲ್ಲ. ಅದೇ ಹೊತ್ತಿಗೆ ಸೂಜಿಯಕ್ಕ ಎಮ್ಮೆಯ ಮೇಲೆ ಎದುರಿಗೆ ಬಂದಳು. ಅವನು ಫೋನ್ ಎತ್ತಿ ಫೋಟೋ ತೆಗೆದುಕೊಂಡ.

"ಶಹಬ್ಬಾಸ್ ಮೇಡಂ! ನೋಡಿದ್ರಲ್ಲ" ಎಂದ ಅರ್ಜಿ ಹಿಡಿದು ನಿಂತವರಿಗೆ. "ಸೈಕಲ್ಲೇ ಆರಾಮಾಗಿ ಓಡಾಡ್ತಿದೆ. ಆರೋಗ್ಯ ಸೇವೆ ತಲುಪ್ತಿದೆ. ಹೀಗಿರುವಾಗ ಇದನ್ನ ತುರ್ತು ಕೆಲಸ ಅಂತ ಹ್ಯಾಗೆ ಬರೀಲಿ? ಮುಂದಿನ ವರ್ಷ ನೋಡೋಣ."

"ನಿಮ್ಮ ಜೀಪು ಯಾಕೆ ಸಾರ್ ಇಲ್ಲೇ ನಿಂತಿದ್ದು?" ಎಂದಳು ಸೂಜಿಯಕ್ಕ.

"ಅದರ ಟೈರು ಇದಕ್ಕೆ ಸರಿಹೋಗಲ್ಲ" ಎಂದ. ತಮಾಷೆಗಲ್ಲ, ನಿಜ ಹೇಳಿದ. ಹೊರಟೂ ಹೋದ.

ಅವತ್ತು ಗಡಿಯಾರದಮ್ಮನ ಕೋಣೆಯಲ್ಲಿ ಜನ ಸೇರಿದರು. ಬಂದವರಲ್ಲಿ ಮೈಕ್ ಮಾವನೂ ಇದ್ದ. ಬಸ್ ಕಾರ್ಮಿಕರ ಸಂಘದಲ್ಲಿ ಆಯಸ್ಸು ಸವೆಸಿದ ಮುದುಕ, ಅಡುಗೆಮನೆಯಲ್ಲಿ ಉಪ್ಪು ಕೇಳಿದರೂ ಮೈದಾನದ ಕೊನೆಯವನಿಗೆ ಕೇಳಿಸಬೇಕು. ಅವನ ಲೆಕ್ಕ ಸರಳ. "ನೀನೇ ತಪ್ಪು ಮಾಡ್ತಿರೋದು ಸೂಜಿಯಮ್ಮಾ! ನೀನು ಬರ್ತಾ ಇರೋವರೆಗೂ ರಸ್ತೆ ಬರಲ್ಲ. ಒಂದಷ್ಟು ವಾರ ನಿಲ್ಸು. ಯಾರಿಗಾದ್ರೂ ಹೆಚ್ಚುಕಮ್ಮಿ ಆಗ್ಲಿ, ತಾನೇ ಓಡಿ ಬರ್ತಾರೆ!"

ಗಡಿಯಾರದಮ್ಮನ ಹೊಲಿಗೆ ಮೆಷಿನ್ ನಿಂತಿತು. ಟಿಕ್ ಟಿಕ್ ಕೇಳಿಸಿತು. ಹೆಚ್ಚುಕಮ್ಮಿ ಯಾರಿಗೆ ಆಗಬೇಕೆಂಬುದು ಎಲ್ಲರಿಗೂ ಕೇಳಿಸಿತು.

"ಮಾವಾ," ಎಂದಳು ಸೂಜಿಯಕ್ಕ, "ಬಸ್ ನಿಲ್ಸಿದ್ರೆ ಜನ ನಡೀತಾರೆ. ಇವ್ರ ರಕ್ತಕ್ಕೆ ಸ್ವಲ್ಪ ದಿನ ಮುಷ್ಕರ ಮಾಡು ಅಂತ ಯಾರು ಹೇಳ್ತಾರೆ, ನೀವು ಹೇಳ್ತೀರಾ? ನಾನಂತೂ ನಿಲ್ಸಲ್ಲ. ಬೇಕಾದ್ರೆ ಬೈರಿ."

ಮೈಕ್ ಮಾವ ಬೈಯಲಿಲ್ಲ. ಅವನಿಗೆ ದನಿ ತಗ್ಗಿಸಿ ಗೊತ್ತಿರಲಿಲ್ಲ, ಹಾಗಾಗಿ ಬಾಯಿಯನ್ನೇ ಮುಚ್ಚಿಕೊಂಡ. ಮಾತು ಎತ್ತಿಕೊಂಡವಳು ಗಡಿಯಾರದಮ್ಮ. ಹಲ್ಲಿನಿಂದ ನೂಲು ಕತ್ತರಿಸಿ, ಅಂಗಿ ಪಕ್ಕಕ್ಕಿಟ್ಟಳು.

"ಅವಳು ಯಾಕೆ ನಿಲ್ಲಿಸ್ಬೇಕು? ಬರ್ಲಿ, ಚುಚ್ಲಿ. ಆದ್ರೆ ಬರೋ ಗುರುವಾರ ಇಲ್ಲಿ ಬೇಡ. ನನ್ನ ಕುರ್ಚೀಲಿ ಕೂರಿಸಿ ಎತ್ಕೊಂಡು ಹೋಗಿ. ಈ ಕೆಸರಲ್ಲೇ, ನಿಧಾನವಾಗಿ. ರಸ್ತೆ ಕಚೇರೀಲಿ ಆ ಎಂಜಿನಿಯರ್ ಮೇಜಿನ ಮೇಲೆ ತೋಳು ಚಾಚ್ತೀನಿ, ಅವಳು ಅಲ್ಲೇ ರಕ್ತ ತೆಗೀಲಿ. ಅವನೂ ಫೋಟೋ ತೆಗೀಲಿ, ಚೆನ್ನಾಗಿ ಬರುತ್ತೆ."

"ನೀವು ಜಾರಿ ಬಿದ್ರೆ?" ಎಂದ ಸೂಜಿಯಕ್ಕನ ಜೊತೆ ಬಂದಿದ್ದ ಗಂಡ, ಇಸ್ತ್ರಿಯವನು.

"ನಾನ್ಯಾಕೆ ಬೀಳ್ತೀನಿ? ಬಿದ್ರೆ ಹೊರೋರು ಬೀಳ್ಬೇಕು. ಸತ್ತ ಮೇಲೆ ಹೆಗಲು ಕೊಡೋಕೆ ಊರೇ ಬರುತ್ತೆ. ಈಗ್ಲೇ ಬನ್ರಪ್ಪಾ, ಈಗಾದ್ರೆ ನಾನೂ ನೋಡ್ತೀನಿ ಯಾರು ಯಾರು ಬಂದ್ರಿ ಅಂತ."

ಕುರ್ಚಿಗೆ ಬಿದಿರು ಕಟ್ಟಿ ಆಗಿದೆ. ಇಸ್ತ್ರಿಯವನು ಒಂದು ತುದಿ ಹಿಡಿಯುತ್ತೇನೆಂದಿದ್ದಾನೆ, ಮೈಕ್ ಮಾವ ತನ್ನ ಡಾಕ್ಟರಿಗೆ ಹೇಳದೆ ಇನ್ನೊಂದು ತುದಿ ಒಪ್ಪಿಕೊಂಡಿದ್ದಾನೆ. ಆಚೆ ಸಾಲಿನಲ್ಲಿ ಗಟ್ಟಿ ಹೆಗಲಿನವರು ಹಗಲು ಹೊತ್ತು ಕೂಲಿಗೆ ಹೋಗುವವರು, ಅವರನ್ನು ಬಿಟ್ಟರೆ ಮುದುಕರು. ಹಿಟ್ಟಿನ ಕೆಸರಿನಲ್ಲಿ ಹೊರುವವರು ಮತ್ತೆ ಮತ್ತೆ ಬದಲಾಗಬೇಕು, ಇಲ್ಲದಿದ್ದರೆ ಮೋರಿಯವರೆಗೂ ಮುಟ್ಟುವುದಿಲ್ಲ. ಇದನ್ನು ಇಷ್ಟು ಹೊತ್ತು ಒಣ ನೆಲದ ಮೇಲೆ ಕೂತು ಓದಿದವರೇ, ಸೂಜಿಯಕ್ಕನ ಟೈರನ್ನು ಹೊಗಳಿದ್ದು ಸಾಕು. ಗುರುವಾರ ಬೆಳಿಗ್ಗೆ ಆ ಕೊನೆಯ ಮನೆಯ ಮುಂದೆ ಬಂದು ನಿಲ್ಲಿ, ಬರಿಗಾಲಲ್ಲಿ. ನಿಮ್ಮ ಹೆಗಲು ಬೇಕು. ಕೊಡುತ್ತೀರೋ ಇಲ್ಲವೋ, ಹೇಳಿ.